ಹನ್ನೆರಡು ಮೊಳೆಯ ಔಷಧಾಲಯ

"ಈ ಚಳಿಗಾಲ ಮುಗಿಯೋವರೆಗೂ ಮನೆಯೊಳಗೆ ಒಂದು ಮಾತ್ರೆ ಬರಕೂಡದು, ಒಂದು ಟಾನಿಕ್ ಬರಕೂಡದು! ಅಡುಗೆ, ಔಷಧ, ಬಟ್ಟೆ ಬೀರು, ಎಲ್ಲಾ ಸೊಪ್ಪಿನಿಂದಲೇ ನಡೀಬೇಕು!"

ನಂಬರ್ ಸಾಹೇಬರು ಹೀಗೆ ಘೋಷಿಸಿದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು, ಅತ್ತೆ ಕನ್ನಡಕ ಹುಡುಕುತ್ತಿದ್ದರು. ಚಪ್ಪಾಳೆ ತಟ್ಟಲು ಇಬ್ಬರ ಕೈಗೂ ಬಿಡುವಿರಲಿಲ್ಲ.

ಸಾಹೇಬರು ಬಸ್ ರಿಪೇರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವರು. ನಟ್ಟು ಕೇಳಿದರೂ ನಂಬರಿನಲ್ಲೇ ಉತ್ತರ ಕೊಡುತ್ತಿದ್ದುದರಿಂದ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರಿಗೆ ಹೊಳೆದ ಪರಮಸತ್ಯ ಒಂದೇ: ಚೀಟಿಯನ್ನು ಸಾಮಾನಿಗೆ ಅಂಟಿಸಬಾರದು, ಜಾಗಕ್ಕೆ ಅಂಟಿಸಬೇಕು! ಸಾಮಾನು ಬರುತ್ತದೆ, ಹೋಗುತ್ತದೆ. ಜಾಗ ಎಲ್ಲಿಗೆ ಹೋದೀತು?

ಆ ಸತ್ಯ ಈಗ ಮನೆಗೂ ಬಂತು. ಅಡುಗೆಮನೆಯ ಹೊರಗೋಡೆಗೆ ಹನ್ನೆರಡು ಮೊಳೆ ಹೊಡೆದರು. ಪ್ರತಿ ಮೊಳೆಯ ಕೆಳಗೂ ಒಂದು ನಂಬರು. ಒಣಗಿಸಿದ ಸೊಪ್ಪಿನ ಕಟ್ಟುಗಳನ್ನು ಧೂಳು ಕೂರದಂತೆ ಹಳೇ ಪೇಪರಿನಲ್ಲಿ ಸುತ್ತಿ ಸಾಲಾಗಿ ನೇತುಹಾಕಿದರು. ಒಂದರಿಂದ ನಾಲ್ಕು ಅಡುಗೆಗೆ, ಐದರಿಂದ ಎಂಟು ಔಷಧಕ್ಕೆ, ಉಳಿದವು ದಿಂಬಿನೊಳಗೆ ತುಂಬುವುದಕ್ಕೆ ಮತ್ತು ಬಟ್ಟೆಗೆ ಹುಳು ಬೀಳದಂತೆ ಬೀರುವಿನಲ್ಲಿಡುವ ಪುಟ್ಟ ಚೀಲಗಳಿಗೆ. ವಿವರವೆಲ್ಲ ಅವರ ನೋಟ್‌ಬುಕ್ಕಿನಲ್ಲಿ ಭದ್ರವಾಗಿತ್ತು.

"ಆ ಪೇಪರ್ ಮೇಲೆ ಸೊಪ್ಪಿನ ಹೆಸರು ಬರೆದುಬಿಟ್ರೆ ಕೈ ಸವೆಯುತ್ತಾ ಅಳಿಯಂದ್ರೆ?" ಎಂದರು ಅತ್ತೆ.

"ಅದು ಅರೆಬರೆ ಕಲಿತವರು ಮಾಡೋ ಕೆಲಸ ಅತ್ತೆ. ಇದು ಸಿಸ್ಟಮ್!"

ಹೆಂಡತಿ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂತವಳು. ಧ್ವನಿವರ್ಧಕದಲ್ಲಿ ರೈಲು ಬರುವುದು ಹೋಗುವುದನ್ನು ಸಾರುವ ಹುದ್ದೆ ಈಗ ಖಾಲಿಯಾಗಿತ್ತು. ಅದು ಅವಳು ಕಾದು ಕಾದು ಕೂತಿದ್ದ ಹುದ್ದೆ. ಸೋಮವಾರ ಧ್ವನಿ ಪರೀಕ್ಷೆ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ನೆಗಡಿಗೆ ಗಂಟಲು ಕಟ್ಟಿ ಧ್ವನಿಯೇ ಇಲ್ಲ! ಬಾಯಿ ತೆರೆದರೆ ಪಂಕ್ಚರ್ ಆದ ಸೈಕಲ್ ಟೈರಿನಂತೆ ಬರೀ ಗಾಳಿ. ಅವಳ ಕಣ್ಣಲ್ಲಿ ನೀರು ತುಂಬಿತು.

ಸಾಹೇಬರಿಗೂ ಅದೇ ನೆಗಡಿ ಅಂಟಿ ಮೂಗು ಪೂರ್ತಿ ಕಟ್ಟಿಹೋಗಿತ್ತು. ಆದರೂ ಎದೆಯುಬ್ಬಿಸಿ ನಿಂತರು. "ಅಳಬೇಡ್ವೇ, ನಾನಿದ್ದೀನಿ! ಇವತ್ತಿಂದ ನೀನು ಮೌನ. ಪಿಸುಮಾತೂ ಆಡಕೂಡದು!"

ಅವಳು ಗಾಬರಿಯಿಂದ ಗೋಡೆಯ ಕಡೆ ಬೆರಳು ತೋರಿಸಿದಳು. ಎರಡೂ ಕೈಯಿಂದ ಏನನ್ನೋ ಇಳಿಸಿದಂತೆ, ಗುಡಿಸಿದಂತೆ, ಮತ್ತೆ ಏರಿಸಿದಂತೆ ಮಾಡಿದಳು.

"ಗೊತ್ತು ಕಣೇ, ಗೊತ್ತು. ಸೊಪ್ಪಿನ ಮೇಲೆ ನಿನಗಷ್ಟು ನಂಬಿಕೆ ಬಂದಿದ್ದು ನನಗೂ ಸಂತೋಷವೇ."

ಅವಳು ಪೆನ್ಸಿಲಿಗೆ ಕೈಹಾಕಿದಳು. ಸಾಹೇಬರು ಕಿತ್ತುಕೊಂಡರು. "ಬರೆಯೋವಾಗ ಮನಸ್ಸು ಒಳಗೊಳಗೇ ಓದುತ್ತೆ, ಗಂಟಲು ಅಲ್ಲಾಡುತ್ತೆ! ಸುಮ್ಮನೆ ಮಲಗು!"

ಅವಳು ಹಣೆ ಚಚ್ಚಿಕೊಂಡಳು. ತಲೆನೋವು ಎಂದುಕೊಂಡ ಸಾಹೇಬರು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಧ್ಯಾಹ್ನಕ್ಕೆ ಮೂರನೇ ಮೊಳೆಯ ಸೊಪ್ಪು ಪುಡಿಮಾಡಿ ಚಳಿಗಾಲದ ವಿಶೇಷ ಸೂಪು ಸಿದ್ಧವಾಯಿತು. ಅತ್ತೆ ಒಂದು ಚಮಚ ಕುಡಿದು ಬಟ್ಟಲನ್ನೇ ದಿಟ್ಟಿಸಿದರು.

"ಅಳಿಯಂದ್ರೆ, ಇದು ಸೂಪೋ ಸೋಪೋ?"

ಸಾಹೇಬರಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಒಲೆಯ ಮುಂದೆ ಬೆಂದವರು ಯಾರು? ಕೂತಲ್ಲೇ ಕೊಂಕು ತೆಗೆಯುವವರು ಯಾರು? "ನಾಲಿಗೆ ಹೊಸದಕ್ಕೆ ಒಗ್ಗಬೇಕು ಅತ್ತೆ!" ಎಂದು ರೇಗಿ ತಮ್ಮ ಬಟ್ಟಲನ್ನು ಛಲದಿಂದ ಖಾಲಿ ಮಾಡಿದರು. ಮೂಗು ಕಟ್ಟಿದವರಿಗೆ ಸೂಪೂ ಒಂದೇ, ಸೋಪೂ ಒಂದೇ.

ಅದೇ ಕೋಪದಲ್ಲಿ ಹನ್ನೊಂದನೇ ಮೊಳೆಯ ಸೊಪ್ಪನ್ನು ಚೀಲಕ್ಕೆ ತುಂಬಿ, ಹೊಲಿದು, ಹೆಂಡತಿ ಪರೀಕ್ಷೆಗೆ ಹಾಕಿಕೊಳ್ಳಬೇಕಿದ್ದ ನೀಲಿ ಕೋಟಿನ ಜೇಬಿಗಿಟ್ಟರು. ಸಂಜೆಗೆ ಆರನೇ ಮೊಳೆ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ, ರಾಜವೈದ್ಯರ ಗಾಂಭೀರ್ಯದಿಂದ ಲೋಟ ಚಾಚಿದರು.

"ಮೂಸಬೇಡ, ಯೋಚಿಸಬೇಡ. ಒಂದೇ ಗುಟುಕು!"

ಅವಳು ಒಲ್ಲೆನೆಂದು ತಲೆಯಾಡಿಸಿದಳು, ಕೈಮುಗಿದಳು. ಸಾಹೇಬರ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ, ಪಾಪ, ಕಣ್ಣುಮುಚ್ಚಿ ಕುಡಿದೇಬಿಟ್ಟಳು. ಮರುಕ್ಷಣ ಬಚ್ಚಲಿಗೆ ಓಡಿದ ಓಟಕ್ಕೆ ದಾರಿಯಲ್ಲಿದ್ದ ಸ್ಟೂಲು ಅಡ್ಡಬಿತ್ತು.

ಅತ್ತೆ ಪಾತ್ರೆಯ ತಳದ ಚರಟ ಮೂಸಿದರು. "ಬೇವು! ಅಪ್ಪಟ ಬೇವು! ಬೀರುವಿಗೆ ಇಡೋದನ್ನ ಮಗಳ ಹೊಟ್ಟೆಗೆ ಹಾಕಿದ್ರಲ್ಲ ಅಳಿಯಂದ್ರೆ!"

"ಸಾಧ್ಯವೇ ಇಲ್ಲ! ಬೇವು ಹನ್ನೊಂದನೇ ಮೊಳೆ!" ಸಾಹೇಬರು ಗೋಡೆಯತ್ತ ಹಾರಿ ಒಂದೊಂದೇ ಪೇಪರು ಬಿಚ್ಚಿದರು. ದಿಂಬಿನ ಸೊಪ್ಪು ಮೂರರಲ್ಲಿ, ಪುದೀನ ಒಂಬತ್ತರಲ್ಲಿ. ಕೋಟಿನ ಜೇಬಿನಲ್ಲಿದ್ದದ್ದು ಅಡುಗೆಯ ಸಬ್ಬಸಿಗೆ, ಅದಕ್ಕೆ ಇರುವೆಗಳು ಆಗಲೇ ಸಾಲುಗಟ್ಟಿದ್ದವು! "ಯಾರು ಮುಟ್ಟಿದ್ದು? ನನ್ನ ಸಿಸ್ಟಮ್ಮಿಗೆ ಕೈಹಾಕಿದ್ದು ಯಾರು? ಕಾರ್ಖಾನೆ ಆಗಿದ್ರೆ ಇಷ್ಟೊತ್ತಿಗೆ ವಿಚಾರಣೆ ನಡೀತಿತ್ತು!"

ಬಚ್ಚಲ ಬಾಗಿಲಿಂದ ಗಾಳಿಯಂಥ ಪಿಸುದನಿ ಬಂತು. "ನಾನೇ ಕಣ್ರೀ. ನಿನ್ನೆ ಜೇಡರಬಲೆ ಹೊಡೆಯೋಕೆ ಎಲ್ಲಾ ಇಳಿಸಿದ್ದೆ. ಅಂದವಾಗಿ ಕಾಣ್ಲಿ ಅಂತ ಉದ್ದ ಗಿಡ್ಡ ನೋಡಿ ಮತ್ತೆ ನೇತುಹಾಕಿದೆ. ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದೀನಿ. ಹೇಳೋಕೆ ಬಿಟ್ರಾ ನೀವು?"

ಇಷ್ಟು ಹೇಳುವಷ್ಟರಲ್ಲಿ ಆ ಪಿಸುದನಿಯೂ ಹೋಯಿತು. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಸಾಹೇಬರಿಗೆ ಮೊದಲ ಬಾರಿಗೆ ಭಯವಾಯಿತು. ಹನ್ನೊಂದು ವರ್ಷದ ಆಸೆ ತಮ್ಮ ಕೈಯಾರೆ ಮಣ್ಣುಪಾಲಾದರೆ?

ಭಾನುವಾರವಿಡೀ ಅತ್ತೆ ಯಾರನ್ನೂ ಹತ್ತಿರ ಬಿಡದೆ ಮಗಳ ಕೈಯಲ್ಲಿ ಉಪ್ಪಿನ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿಸಿದರು. ಸೋಮವಾರ ಬೆಳಿಗ್ಗೆ "ಅಮ್ಮಾ, ಕಾಫಿ" ಎಂದು ಗಂಟೆ ಬಾರಿಸಿದಂಥ ದನಿ ಕೇಳಿತು.

"ನೋಡಿದ್ಯಾ!" ಸಾಹೇಬರು ಹಾಸಿಗೆಯಿಂದಲೇ ಕೂಗಿದರು. "ಬೇವು ನಿಧಾನಕ್ಕೆ ಕೆಲಸ ಮಾಡುತ್ತೆ!"

"ಉಪ್ಪುನೀರು!" ಎಂದರು ಅತ್ತೆ.

ಇಂಥ ಕೃತಘ್ನತೆ ಉಂಟೇ! ಸಿಡುಕುತ್ತಲೇ ಸಾಹೇಬರು ಹೊಸದಾಗಿ ಕಷಾಯ ಮಾಡಿ, ಫ್ಲಾಸ್ಕಿಗೆ ತುಂಬಿ, ಹಸಿರು ಮಫ್ಲರ್ ಸುತ್ತಿಕೊಂಡು ಹೆಂಡತಿಯ ಹಿಂದೆಯೇ ನಿಲ್ದಾಣಕ್ಕೆ ನಡೆದರು. ಅವಳು ಒಂದು ಹನಿಯನ್ನೂ ಮುಟ್ಟದೆ ಮೇಲಿನ ಕೋಣೆಗೆ ಹೋದಳು. ಗಡಿಯಾರದ ಕೆಳಗೆ ನಿಂತ ಸಾಹೇಬರ ಪಕ್ಕದಲ್ಲಿ ಒಬ್ಬ ಹಮಾಲಿ ಕೆಮ್ಮಿದ. ಅವರ ಕಣ್ಣು ಅರಳಿತು. "ಬಾರಪ್ಪಾ, ಒಂದೇ ಗುಟುಕು!" ಎಂದು ಮುಚ್ಚಳಕ್ಕೆ ಬಗ್ಗಿಸಿದರು. ಹಿಂದೆ ಇನ್ನೂ ಐದಾರು ಕೆಮ್ಮುಗಳು ಸಾಲು ನಿಂತವು.

ಮೇಲೆ ಪರೀಕ್ಷಕರು, "ನಿಮ್ಮದೇ ಮಾತಲ್ಲಿ ಪ್ರಯಾಣಿಕರಿಗೆ ಒಂದು ಎಚ್ಚರಿಕೆ ಕೊಡಿ ನೋಡೋಣ" ಎಂದು ಮೈಕು ಮುಂದಿಟ್ಟರಂತೆ. ಅವಳು ಕಿಟಕಿಯಿಂದ ಕೆಳಗೆ ನೋಡಿದಳು.

ನಿಲ್ದಾಣದ ಮೂಲೆಮೂಲೆಯಲ್ಲೂ ಜೇನಿನಂಥ ದನಿ ಮೊಳಗಿತು. "ಪ್ರಯಾಣಿಕರ ಗಮನಕ್ಕೆ. ಗಡಿಯಾರದ ಕೆಳಗೆ, ಹಸಿರು ಮಫ್ಲರ್ ಧರಿಸಿ, ಫ್ಲಾಸ್ಕ್ ಹಿಡಿದು ನಿಂತಿರುವ ವ್ಯಕ್ತಿ ಏನನ್ನೇ ಕೊಟ್ಟರೂ ದಯವಿಟ್ಟು ಕುಡಿಯಬೇಡಿ. ಅವರು ಒಳ್ಳೆಯವರು. ಆದರೂ ಕುಡಿಯಬೇಡಿ. ಇದನ್ನು ಸ್ವಂತ ಅನುಭವದಿಂದ ತಿಳಿಸಲಾಗುತ್ತಿದೆ."

ಪರೀಕ್ಷಕರು ಎರಡನೇ ಪ್ರಶ್ನೆ ಕೇಳಲಿಲ್ಲ. ಅವಳ ದನಿ ಎಷ್ಟು ಪರಿಣಾಮಕಾರಿ ಎಂಬುದು ಕಿಟಕಿಯಿಂದಲೇ ಕಾಣುತ್ತಿತ್ತು: ಗಡಿಯಾರದ ಕೆಳಗೆ ಸಾಹೇಬರೊಬ್ಬರೇ ಉಳಿದಿದ್ದರು.