ಮಹಾಧಮನಿಗೊಬ್ಬ ಅಣ್ಣ

ಬೆನ್ನುನೋವೆಂದು ಸ್ಕ್ಯಾನ್ ಮಾಡಿಸಲು ಹೋದ ಸೈಕಲ್ ಅಂಗಡಿಯವನ ಹೊಟ್ಟೆಯಲ್ಲಿ ಕಿಡ್ನಿ ಕಲ್ಲಿನ ಬದಲು ಉಬ್ಬು ಸಿಕ್ಕಿತ್ತು. ಹೃದಯದಿಂದ ಕೆಳಕ್ಕಿಳಿಯುವ ಮಹಾಧಮನಿ, ಸವೆದ ಟೈರಿನಿಂದ ಟ್ಯೂಬು ಇಣುಕಿದಂತೆ, ಹೊಕ್ಕುಳ ಹಿಂದೆ ಊದಿಕೊಂಡಿತ್ತು. ಒಡೆದರೆ ಕತೆ ಮುಗಿಯಿತು. ಹೊಟ್ಟೆ ಕೊಯ್ದು ಕೃತಕ ನಳಿಕೆ ಹೊಲಿದರೆ ಬದುಕು. "ನಾಳೆ ಬಂದು ಅಡ್ಮಿಟ್ ಆಗಿ, ಮಾರನೇ ದಿನವೇ ಆಪರೇಷನ್ ಮಾಡೋಣ. ಭಾರ ಎತ್ತಬೇಡಿ, ಟೆನ್ಷನ್ ಮಾಡ್ಕೋಬೇಡಿ," ಎಂದಿದ್ದರು ಸರ್ಜನ್.

ಮಾಡಿಕೊಳ್ಳದೆ ಇರಬಹುದಿತ್ತು, ಮಹಡಿಯ ಮೇಲೆ ಅಣ್ಣ ಇರದಿದ್ದರೆ.

ನಿವೃತ್ತ ಡ್ರಿಲ್ ಮಾಸ್ತರನಾದ ಅಣ್ಣ ಮರುದಿನ ಬೆಳಗಾಗುವುದರೊಳಗೆ ಇಳಿದು ಬಂದ. "ಬಗ್ಗಬೇಡ, ಚಪ್ಪಲಿ ನಾನೇ ಹಾಕ್ತೀನಿ." ತಮ್ಮ ಕೆಮ್ಮಲು ಬಾಯಿ ತೆರೆದರೆ, "ನುಂಗಿಬಿಡು." ನುಂಗಿ ನುಂಗಿ ಕಣ್ಣಲ್ಲಿ ನೀರು ಬಂತು. ಆ ನೀರು ನೋಡಿ ಎದುರುಮನೆಯ ಟೈಲರಮ್ಮ ಸಮಾಧಾನ ಹೇಳಲು ಬಂದಳು.

"ಹೆದರಬೇಡಿ, ನಮ್ಮ ಭಾವನಿಗೂ ಇದೇ ಆಗಿತ್ತು."

"ಈಗ ಹೇಗಿದಾರೆ?"

ಆಕೆ ಅವನ ಹೆಂಡತಿಯ ಕಡೆ ತಿರುಗಿ, "ಟೀ ಇಟ್ಟಿದ್ದೀರಾ ಅಕ್ಕಾ?" ಎಂದಳು.

ಟ್ಯಾಕ್ಸಿಯಲ್ಲಿ ಅಣ್ಣ ಡ್ರೈವರನ ಪಕ್ಕ ಕೂತು, ರಸ್ತೆಯ ಒಂದೊಂದು ಗುಂಡಿಗೂ ಮುಂಚೆ "ಗುಂಡಿ, ಗುಂಡಿ" ಎಂದು ಕೂಗಿದ. ಗುಂಡಿಗಿಂತ ಕೂಗೇ ಹೆಚ್ಚು ಕುಲುಕುತ್ತಿತ್ತು. ತಮ್ಮನಿಗೆ ಉಳಿದಿದ್ದ ಆಸೆ ವಾರ್ಡಿನ ಬಾಗಿಲೊಂದೇ. ಅದರಾಚೆ ರೋಗಿಗಳಲ್ಲದವರನ್ನು ಬಿಡುವುದಿಲ್ಲ.

ವಾರ್ಡಿಗೆ ಕಳಿಸುವ ಮುಂಚೆ ಸರ್ಜನ್ ಹೊಟ್ಟೆ ಮುಟ್ಟಿ ನೋಡಿ, "ಒಡಹುಟ್ಟಿದವರು ಯಾರಾದ್ರೂ ಇದಾರಾ? ಇದು ಮನೆತನದಲ್ಲಿ ಬರಬಹುದು," ಎಂದರು.

"ನಾನಿದೀನಿ. ಕಲ್ಲುಗುಂಡಿನ ಹಾಗಿದೀನಿ," ಎಂದು ಅಣ್ಣ ಎದೆಯುಬ್ಬಿಸಿದ.

"ಎದೆ ಅಲ್ಲ ಸ್ವಾಮಿ, ಹೊಟ್ಟೆ ತೋರಿಸಿ," ಎಂದು ಅವರು ಅವನನ್ನು ಸ್ಕ್ಯಾನಿಗೆ ಕಳಿಸಿದರು.

ಹೋಗುವಾಗ ನಡೆದು ಹೋದ ಅಣ್ಣ ಬರುವಾಗ ಗಾಲಿಕುರ್ಚಿಯಲ್ಲಿ ಬಂದ. ಅವನ ಉಬ್ಬು ತಮ್ಮನದಕ್ಕಿಂತ ದೊಡ್ಡದು, ತಡಮಾಡುವಂತಿರಲಿಲ್ಲ. "ನಾಳೆ ಇವರದು ಮಾಡ್ತೀನಿ. ನಿಮ್ಮದು ಮುಂದಿನ ವಾರ, ಅಲ್ಲೀವರೆಗೆ ಇಲ್ಲೇ ಇರಿ," ಎಂದ ಸರ್ಜನ್, ಅಣ್ಣನಿಗೆ ಪಕ್ಕದ ಮಂಚವನ್ನೇ ಕೊಡಿಸಿದರು.

ಅಣ್ಣನ ಬಾಯಿ ಕಟ್ಟಿಹೋಗಿತ್ತು. ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಮಲಗಿದ್ದವನನ್ನು ನೋಡಿ ತಮ್ಮನಿಗೆ ಪಾಪ ಎನಿಸಿತು. ಬುದ್ಧಿ ಬಂದಾಗಿನಿಂದ ಬಯಸಿದ್ದ ಮೌನ ಸಿಕ್ಕಿತ್ತು; ಸಿಕ್ಕಮೇಲೆ ಬೇಡವಾಗಿತ್ತು.

"ಏನಾದ್ರೂ ಮಾತಾಡೋ ಅಣ್ಣಾ," ಎಂದು ಅವನ ಕೈ ಹಿಡಿದುಕೊಂಡ.

ಅಣ್ಣ ದಿಂಬನ್ನು ಬೆನ್ನಿಗೆ ಕೊಟ್ಟು ತಮ್ಮನ ಕಡೆ ತಿರುಗಿದ.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ನಾಳೆ ನಂದು ಮುಗೀಲಿ. ಎಲ್ಲೆಲ್ಲಿ ಕೊಯ್ತಾರೆ, ಎಲ್ಲೆಲ್ಲಿ ನೋಯುತ್ತೆ, ಒಂದೂ ಬಿಡದೆ ವಾರವಿಡೀ ನಿಂಗೆ ಹೇಳ್ತೀನಿ."