ಚಿಕ್ಕಮ್ಮನ ಹರಳಿನ ಹೂಗಳು

ನಮ್ಮ ಚಿಕ್ಕಮ್ಮನ ಹತ್ತಿರ ಒಂದು ಒಡವೆ ಮಾಡಿಸಬೇಕೆಂದರೆ ಮೊದಲು ನಿಮ್ಮ ಮನೆಯಲ್ಲಿ ಯಾರಾದರೂ ಸತ್ತಿರಬೇಕು! "ಬಿಡ್ತು ಅನ್ರೀ" ಎಂದು ನೀವು ಬೈಯುತ್ತೀರಿ, ಗೊತ್ತು. ಆದರೆ ನಾನೇನೂ ಸುಳ್ಳು ಹೇಳುತ್ತಿಲ್ಲ. ಮದುವೆಗೆ, ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಎಂದು ಹೋದವರನ್ನೆಲ್ಲ ಆಕೆ ಗೇಟಿನಿಂದಲೇ ಓಡಿಸುತ್ತಾಳೆ. "ಮಾಲ್‌ನಲ್ಲಿ ಬೇಕಾದಷ್ಟು ಅಂಗಡಿ ಇದಾವೆ, ಹೋಗಿ ಹೋಗಿ!" ಯಾರೋ ತೀರಿಕೊಂಡಿದ್ದಾರೆ ಎಂದರೆ ಮಾತ್ರ ಗೇಟು ತೆರೆಯುತ್ತದೆ. ತೆರೆದ ಮೇಲೂ ಬೈಗುಳ ತಪ್ಪುವುದಿಲ್ಲ.

ಆಕೆ ನಮ್ಮಮ್ಮನ ತಂಗಿ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಕೆರೆಗೆ ಹೋಗುವ ದಾರಿಯಲ್ಲಿ ಅವಳ ಮನೆ. ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಒಂದು ಮೇಜು, ದೀಪ, ಇಕ್ಕಳ, ಬೆಳ್ಳಿ ತಂತಿ, ಡಬ್ಬಿಗಳ ತುಂಬ ಹರಳು. ಚಿಕ್ಕಪ್ಪ ಹರಳು ಕೂರಿಸುವ ಕೆಲಸದವರು. ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡರು. ಅವರ ಇಕ್ಕಳ ಹಿಡಿದು ಕೂತವಳು ಇನ್ನೂ ಎದ್ದಿಲ್ಲ. ಸತ್ತವರು ಬದುಕಿದ್ದಾಗ ಯಾವ ಹೂ ಮುಡಿಯುತ್ತಿದ್ದರೋ, ಬೆಳೆಸುತ್ತಿದ್ದರೋ, ಆ ಹೂವನ್ನು ಹರಳಿನಲ್ಲಿ ಮಾಡಿ ಕೊಡುತ್ತಾಳೆ. ಉಳಿದವರು ಅದನ್ನು ಸರಕ್ಕೋ ಸೆರಗಿಗೋ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಮಲ್ಲಿಗೆಗೆ ಮುತ್ತು, ಸಂಪಿಗೆಗೆ ಪುಷ್ಯರಾಗ, ಕನಕಾಂಬರಕ್ಕೆ ಹವಳ. ಕೈಕೆಲಸದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಆ ಬಾಯಿ! ದೇವರೇ ಕಾಪಾಡಬೇಕು!

ಬಂದವರಿಗೆ ಅವಳು ಕೇಳುವ ಮೊದಲ ಪ್ರಶ್ನೆ ಏನು ಗೊತ್ತೇ? "ಹೋದೋರು ನಿಮ್ಮನ್ನ ಹೆಂಗೆ ಬೈತಿದ್ರು?" ಇದಕ್ಕೆ ಸರಿಯಾಗಿ ಉತ್ತರ ಕೊಟ್ಟರಷ್ಟೇ ಮುಂದಿನ ಮಾತು. ಒಮ್ಮೆ ಹೆಬ್ಬಾಳದ ಅಪಾರ್ಟ್‌ಮೆಂಟಿನ ಒಬ್ಬ ಮನುಷ್ಯ ಕಣ್ಣು ತುಂಬಿಕೊಂಡು, "ನಮ್ಮಮ್ಮ ದೇವತೆ ಮೇಡಂ, ಬೈತಾನೇ ಇರ್ಲಿಲ್ಲ" ಎಂದ.

"ದೇವತೆಗೆ ಒಡವೆ ಅಂದ್ರೆ ದೇವಸ್ಥಾನಕ್ಕೆ ಕೊಡಿ. ನನ್ನತ್ರ ಯಾಕ್ ಬಂದ್ರಿ?"

"ಕಮಲ ಮಾಡ್ಕೊಡಿ ಮೇಡಂ. ಕಮಲ ಅಂದ್ರೆ ಪುನರ್ಜನ್ಮದ ಸಂಕೇತ ಅಂತೆ."

"ನಿಮ್ಮಮ್ಮ ಕಮಲ ಮುಡೀತಿದ್ರಾ?"

"ಇಲ್ಲ, ಗೂಗಲ್‌ನಲ್ಲಿ ನೋಡ್ದೆ…"

"ಗೂಗಲ್ ಬಂದು ನಿಮ್ಮಮ್ಮಂಗೆ ಜಡೆ ಹಾಕ್ತಿತ್ತೇನ್ರೀ?"

ಪಾಪ, ಆತ ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿ, ಅಮ್ಮ ಮುಡಿಯುತ್ತಿದ್ದದ್ದು ಸೇವಂತಿಗೆ ಎಂದು ಕೇಳಿಕೊಂಡು, ಬೈಗುಳವೂ ಒಂದು ನೆನಪಾಗಿ ಒಳಗೆ ಬಂದ. ಆಮೇಲೆ ಕೆಲಸ ಶುರುವಾಯಿತು.

ಇನ್ನೊಂದು ಹಟವಿದೆ. ಅವಳು ಮಾಡುವ ಪ್ರತಿ ಹೂವಿನಲ್ಲೂ ಒಂದು ಎಸಳು ಬಾಡಿರುತ್ತದೆ! ಬೇಕೆಂದೇ ಬಗ್ಗಿಸಿ, ಮಂಕಾದ ಹರಳು ಕೂರಿಸುತ್ತಾಳೆ. ಒಬ್ಬಾಕೆ ಡಿಫೆಕ್ಟ್ ಪೀಸು ಎಂದು ಹಿಂದಕ್ಕೆ ತಂದಳು. "ಸತ್ತೋರ ಹೂ ಕಣ್ರೀ, ಬಾಡದೆ ಇನ್ನೇನ್ ಮಾಡುತ್ತೆ? ಪ್ಲಾಸ್ಟಿಕ್ ಬೇಕಿದ್ರೆ ಬಸ್‌ಸ್ಟ್ಯಾಂಡ್‌ನಲ್ಲಿ ಸಿಗುತ್ತೆ!" ಆಕೆ ಹೂ ಎತ್ತಿಕೊಂಡು ಹೋದಳು.

ಚಿಕ್ಕಮ್ಮ ಮೆಚ್ಚಿದ ಗಿರಾಕಿ ಎಂದರೆ ಆರ್.ಟಿ. ನಗರದ ಒಬ್ಬ ಸಾಹೇಬರು ಮಾತ್ರ. ವಯಸ್ಸಾದವರು, ಬಿಳಿ ಜುಬ್ಬ. "ನಮ್ಮ ಬೇಗಂಗೆ ಹೂ ಅಂದ್ರೆ ಆಗ್ತಾನೇ ಇರ್ಲಿಲ್ಲಮ್ಮಾ. ಸೀನು ಬರೋದು" ಎಂದರು.

"ಮತ್ತೆ ಏನ್ ಇಷ್ಟ?"

"ಟೆರೇಸ್ ಮೇಲೆ ಕುಂಬಳದ ಬಳ್ಳಿ ಹಬ್ಸಿದ್ರು. ನಾನ್ ಹತ್ರ ಹೋದ್ರೆ ಸಾಕು, ಹೂ ಮುಟ್ಬೇಡಿ, ಕಾಯಿ ನಿಲ್ಲಲ್ಲ ಅಂತ ಬೀದಿಗೆಲ್ಲಾ ಕೇಳೋ ಹಾಗೆ ಕಿರ್ಚೋರು."

ಚಿಕ್ಕಮ್ಮನ ಮುಖ ಅರಳಿತು. "ಇದು ಕಣ್ರೀ ಹೆಂಗಸು ಅಂದ್ರೆ!" ಕಿತ್ತಳೆ ಬಣ್ಣದ ಹರಳುಗಳಲ್ಲಿ ಅಂಗೈಯಗಲದ ಕುಂಬಳದ ಹೂ ತಯಾರಾಯಿತು. ಸಾಹೇಬರು ಅದನ್ನು ಎದೆಗೆ ಸಿಕ್ಕಿಸಿಕೊಂಡು ನೆಂಟರ ಮದುವೆಗೆ ಹೋದರೆ, ಎಲ್ಲರೂ "ಇದು ಯಾವ ಪಾರ್ಟಿ ಚಿಹ್ನೆ?" ಎಂದು ಕೇಳಿದರಂತೆ!

ನಗುತ್ತಿದ್ದೀರಿ ತಾನೇ? ನಗಿ. ನನಗೆ ಮಾತ್ರ ಈ ಹೆಂಗಸನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದು ಹೇಳುತ್ತೇನೆ, ಕೇಳಿ.

ಹೋದ ವರ್ಷ ನಮ್ಮಪ್ಪ ತೀರಿಕೊಂಡರು. ಅಮ್ಮ ಕನಕಾಂಬರ ಮುಡಿಯದ ದಿನವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜ್ವರ ಬಂದು ಮಲಗಿದ್ದರೂ ತಲೆದಿಂಬಿನ ಮೇಲೆ ಹೂ ಇರುತ್ತಿತ್ತು. ಅಂಥವಳಿಗೆ ಹತ್ತನೆಯ ದಿನ ನಮ್ಮ ನೆಂಟರು ರೂಮಿನಲ್ಲಿ ಕೂರಿಸಿ ಶಾಸ್ತ್ರ ಮಾಡಿದರು. ಕೊನೆಯ ಸಲ ಎಂದು ತಲೆತುಂಬ ಹೂ ಮುಡಿಸಿ, ಕೈತುಂಬ ಬಳೆ ತೊಡಿಸಿ, ಆಮೇಲೆ ಎಲ್ಲವನ್ನೂ ತೆಗೆಸುವ ಶಾಸ್ತ್ರ! ಈ ಕಾಲದಲ್ಲಿ! ಮೆಟ್ರೋದಲ್ಲಿ ಬಂದಿಳಿದ ಹೆಂಗಸರು, ಮೊಬೈಲಿನಲ್ಲಿ ರಾಹುಕಾಲ ನೋಡಿಕೊಂಡು! ನಾನು ಕೂಗಾಡಿದೆ. "ಸುಮ್ನಿರಮ್ಮ, ನಿಂಗೆ ಇದೆಲ್ಲ ಗೊತ್ತಾಗಲ್ಲ" ಎಂದು ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ತಳ್ಳಿದರು. ಅಮ್ಮ ತಲೆ ತಗ್ಗಿಸಿ ಕೂತಿದ್ದಳು.

ಆಗ ಚಿಕ್ಕಮ್ಮ ಎಲ್ಲಿದ್ದಳು? ಊರಿಗೆಲ್ಲ ಬೈಯುವ ಈ ಮಹಾತಾಯಿ ಬೀದಿಯಲ್ಲಿ ನಿಂತು, ಕುರ್ಚಿಯ ಕಾಲು ಮುರಿದಿದೆ ಎಂದು ಶಾಮಿಯಾನದವನ ಜೊತೆ ಜಗಳವಾಡುತ್ತಿದ್ದಳು. ಒಳಗೆ ಬರಲೇ ಇಲ್ಲ.

ಆಮೇಲೆ ಅಮ್ಮ ಹೂವಾಡಗಿತ್ತಿ ಬರುವ ಹೊತ್ತಿಗೆ ಸರಿಯಾಗಿ ಬಚ್ಚಲುಮನೆ ಸೇರತೊಡಗಿದಳು. ನೋಡಲಾಗಲಿಲ್ಲ ನನಗೆ. ನಿಜವಾದ ಹೂವಿಗೆ ತಾನೇ ಇವರ ಶಾಸ್ತ್ರ? ಹವಳದ ಹೂವಿಗೆ ಯಾರು ಏನೆನ್ನುತ್ತಾರೆ? ಸಿಟ್ಟು ನುಂಗಿಕೊಂಡು ಪುಟ್ಟೇನಹಳ್ಳಿಗೆ ಹೋಗಿ, ಅಮ್ಮನಿಗೊಂದು ಕನಕಾಂಬರದ ದಂಡೆ ಮಾಡಿಕೊಡು ಎಂದೆ.

"ಆಗಲ್ಲ."

"ಯಾಕಾಗಲ್ಲ?"

"ಕಲ್ಲಿನ ಹೂ ಸತ್ತೋರದ್ದು. ನಿಮ್ಮಮ್ಮ ಸತ್ತಿದ್ದಾಳಾ?"

ತಲೆ ತಿರುಗಿಹೋಯಿತು. "ಇಲ್ಲಿ ಕೂತ್ಕೊಂಡು ಗಿರಾಕಿಗಳಿಗೆ ಬೈಯೋಕೆ ಮಾತ್ರ ನಿಂಗೆ ಬಾಯಿರೋದು! ಅವತ್ತು ಒಳಗೆ ಬಂದು ಒಂದ್ ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮುರಿದ ಕುರ್ಚಿ ಹೆಚ್ಚಾಯ್ತಾ ನಿಂಗೆ, ಅಕ್ಕ ಹೆಚ್ಚಾಗ್ಲಿಲ್ವಾ?" ಎಂದು ಕಿರುಚಿದೆ.

ಅವಳು ತಿರುಗಿ ಕಿರುಚುತ್ತಾಳೆಂದು ಟೊಂಕ ಕಟ್ಟಿ ನಿಂತಿದ್ದೆ. ಅವಳು ದೀಪ ಆರಿಸಿದಳು. "ನಂಗೂ ಅದೇ ಶಾಸ್ತ್ರ ಮಾಡಿದ್ರು ಕಣೇ. ನೀನು ತೊಟ್ಟಿಲಲ್ಲಿದ್ದೆ. ಅವತ್ತು ನಿಮ್ಮಮ್ಮನ್ನ ಕೂರಿಸಿದ್ದ ರೂಮಿನೊಳಕ್ಕೆ ಕಾಲಿಡೋಕೆ ನನ್ ಕೈಲಾಗ್ಲಿಲ್ಲ" ಎಂದಳು. ಆಮೇಲೆ "ಹೋಗು, ತಲೆ ತಿನ್ಬೇಡ" ಎಂದು ಗೇಟು ಹಾಕಿಕೊಂಡಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಯಶವಂತಪುರದ ನಮ್ಮ ಮನೆಗೇ ಬಂದಳು. ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಕಂಡಕ್ಟರಿಗೂ ಡ್ರೈವರಿಗೂ ಬೈದು ಬಂದಿದ್ದಳು. ಅಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಚಿಕ್ಕಮ್ಮ ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಕನಕಾಂಬರ. ನಿಜವಾದದ್ದು, ಬೆಳಿಗ್ಗೆ ತಾನೇ ಕಟ್ಟಿದ್ದು.

"ತಿರುಗೇ" ಎಂದಳು.

"ಬೇಡ ಕಣೇ. ಜನ ಏನಂತಾರೆ?"

"ಯಾವ ಜನ? ಕರಿ ಅವರನ್ನ, ನಾನ್ ಮಾತಾಡ್ತೀನಿ!"

ಅಮ್ಮ ಅವಳ ಮುಖವನ್ನೇ ನೋಡಿದಳು. ಕೈ ಒರೆಸಿಕೊಂಡು ಹೂ ಇಸಿದುಕೊಂಡಳು. ಮೂಸಿದಳು. ಕನಕಾಂಬರಕ್ಕೆಲ್ಲಿ ವಾಸನೆ? ಆದರೂ ಮೂಸಿದಳು. ಆಮೇಲೆ ನಡುವೆ ದಾರ ಕಚ್ಚಿ ಎರಡು ಮಾಡಿದಳು.

"ನೀನು ಕೂತ್ಕೋ ಮೊದ್ಲು."

"ನಂಗ್ಯಾಕೆ? ನಂಗೆ ಕೂದಲಾದ್ರೂ ಎಲ್ಲಿದೆ? ಸುಮ್ನೆ…"

"ಕೂತ್ಕೋ ಅಂದೆ." ಅಮ್ಮನ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. ಚಿಕ್ಕಮ್ಮ ಕೂತಳು. ಅಮ್ಮ ತನ್ನ ತಲೆಯ ಪಿನ್ನನ್ನೇ ತೆಗೆದು, ಆ ಮೋಟು ನರೆಗೂದಲಿಗೆ ಹೂ ಸಿಕ್ಕಿಸಿದಳು.

"ನಿನ್ನ ಗಂಡ ಹೋದಾಗ ನೀನು ಹೂ ಬಿಡಲ್ಲ ಅಂತ ಹಟ ಹಿಡಿದಿದ್ದೆ. ನಿನ್ನ ಒಪ್ಸಿ ಶಾಸ್ತ್ರದ ರೂಮಿಗೆ ಕಳಿಸಿದೋಳು ನಾನೇ. ತಪ್ಪು ಮಾಡ್ದೆ ಕಣೇ."

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?" ಚಿಕ್ಕಮ್ಮ ಗದರಿದಳು. ಕಣ್ಣಿನಿಂದ ನೀರು ಇಳಿದು ಗದ್ದದವರೆಗೆ ಬಂತು. ಒರೆಸಿಕೊಳ್ಳಲಿಲ್ಲ. ಹೂ ಎಲ್ಲಿ ಬಿದ್ದುಹೋಗುತ್ತದೋ ಎಂದು ತಲೆ ಅಲ್ಲಾಡಿಸದೆ, ಕತ್ತು ನೆಟ್ಟಗೆ ಮಾಡಿಕೊಂಡು ಹಾಗೇ ಕೂತಿದ್ದಳು.