ಒಂದೂವರೆ ಲೀಟರ್ ನೀರು ಮತ್ತು ಹೆಣ್ಣು ನೋಡುವ ಶಾಸ್ತ್ರ

ಹಾಲಾಡಿಯ ಭೋಜ ಶೆಟ್ಟರು ಆ ಮಂಗಳವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದರು. "ಇವತ್ತ್ ಸ್ಕ್ಯಾನಿಂಗ್ ಮಾಡ್ಸಿಯೇ ಸೈ! ಒಂದ್ ನರಪಿಳ್ಳೆಗೂ ಗೊತ್ತಾಪುಕಾಗ!"

ಪುರಾಣದ ವೀರರು ಪ್ರತಿಜ್ಞೆಯ ನಡುವೆ ಎದ್ದು ಬಚ್ಚಲಿಗೆ ಹೋದ ದಾಖಲೆ ಇಲ್ಲ. ಶೆಟ್ಟರು ಎರಡು ಸಲ ಹೋಗಿ ಬಂದರು. ಅರವತ್ತೆರಡರ ಅವರಿಗೆ ಒಂದು ವರ್ಷದಿಂದ ಇದೇ ಪಾಡು. ಓಡುವ ಅವಸರ ಬೆಟ್ಟದಷ್ಟು, ಹೋಗಿ ನಿಂತರೆ ಬರುವುದು ಚಮಚದಷ್ಟು!

ಗೆಳೆಯ ವಿಷ್ಣುಮೂರ್ತಿ ಹೊಳ್ಳರಿಗೂ ಇದೇ ಕಷ್ಟವಿತ್ತು. ದಿನಾ ಸಂಜೆ ಶೆಟ್ಟರ ಹಾರ್ಡ್‌ವೇರ್ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಮನುಷ್ಯ. ನಲವತ್ತು ವರ್ಷ ಇಬ್ಬರೂ ಲೋಕದ ಸಂಗತಿಯನ್ನೆಲ್ಲ ಮಾತಾಡಿದರು, ಇದೊಂದನ್ನು ಬಿಟ್ಟು. ಮೂತ್ರದಲ್ಲಿ ರಕ್ತ ಕಂಡರೂ ಹೊಳ್ಳರು ಎರಡು ವರ್ಷ ಬಾಯಿ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಪ್ರೊಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಲುಬಿಗೆ ಹಬ್ಬಿತ್ತು. ಕಳೆದ ಮಳೆಗಾಲದಲ್ಲಿ ತೀರಿಹೋದರು. ಕುರ್ಚಿ ಅಲ್ಲೇ ಇದೆ. ಅದರಲ್ಲಿ ಯಾರನ್ನೂ ಕೂರಲು ಶೆಟ್ಟರು ಬಿಟ್ಟಿರಲಿಲ್ಲ.

ಉತ್ತರಕ್ರಿಯೆಯ ಊಟ ಮುಗಿದಾಗ ಹೊಳ್ಳರ ಹೆಂಡತಿ ವನಮಾಲಮ್ಮ ಶೆಟ್ಟರನ್ನು ಪಕ್ಕಕ್ಕೆ ಕರೆದಿದ್ದರು. "ಶೆಟ್ರೆ, ಊಟದ್ ಬಾಳೆ ಎದ್ರಿಂದ ನೀವ್ ಎರಡ್ ಸಲ ಎದ್ದ್ ಹೋದ್ದ್ ನಾ ಕಂಡಿದೆ. ಇವ್ರ್ ಹೇಳ್ಲಿಲ್ಲೆ. ನೀವಾದ್ರೂ ಡಾಕ್ಟ್ರಿಗ್ ತೋರ್ಸ್ಕಣಿ." ಶೆಟ್ಟರು ತಲೆತಗ್ಗಿಸಿ ಮಾತು ಕೊಟ್ಟಿದ್ದರು.

ಮಾತಿನಂತೆ ಹೋದ ವಾರ ಕುಂದಾಪುರದ ಆಸ್ಪತ್ರೆಗೆ ಹೋದದ್ದೂ ಹೌದು. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಮಾಸ್ಕ್ ಹಾಕಿದ ನರ್ಸಮ್ಮ, ಮೂವತ್ತು ಜನರ ಎದುರು, "ಹಾಲಾಡಿ ಭೋಜ ಶೆಟ್ರ್ ಯಾರ್? ಮೂತ್ರ ತುಂಬಿತಾ?" ಎಂದು ಕೂಗಿದಳು. ಶೆಟ್ಟರು ಪಕ್ಕದವನನ್ನು ನೋಡಿ, "ಹ್ವಾಯ್, ನಿಮ್ಮನ್ನ್ ಕರೀತ್ರ್!" ಎಂದು ಹೇಳಿ ಮೆಟ್ಟಿಲಿಳಿದು ಓಡಿದ್ದರು.

ಈ ಸಲ ಹಾಗಾಗಬಾರದು! ಹನ್ನೊಂದೂವರೆಗೆ ಸ್ಕ್ಯಾನಿಂಗ್. ಒಂದು ಲೀಟರ್ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಬರಬೇಕೆಂದು ಹೇಳಿದ್ದರು. ಧಾರಾಳಿಯಾದ ಶೆಟ್ಟರು ಒಂದೂವರೆ ಕುಡಿದರು. ಕೊನೆಯ ಲೋಟ ಕೆಳಗಿಡುವಾಗ ಹೆಂಡತಿ ರಾಜೀವಿ ಪ್ರತ್ಯಕ್ಷಳಾದಳು.

"ಬೆಳ್ಳ್ ಪಂಚೆ, ಸೆಂಟ್! ಎಲ್ಲಿಗ್ ಸವಾರಿ?"

ಮಗ ರೋಹನ್‌ಗೆ ಕೋಟೇಶ್ವರದ ಕಡೆಯ ಸಂಬಂಧವೊಂದು ಬಂದದ್ದು ಶೆಟ್ಟರಿಗೆ ಹೊಳೆಯಿತು. "ಆ ಸರೋಜಕ್ಕನ ಮನೆಗೆ. ಹೆಣ್ಣ್ ಕಾಂಬುಕೆ."

"ಒಬ್ರೇ? ಹೆಣ್ಣ್ ಕಾಂಬುದಂದ್ರೆ ಸಿಮೆಂಟ್ ರೇಟ್ ಕೇಂಬ್ದಾ? ನಿಲ್ಲಿ, ನಾನೂ ಬತ್ತೆ!"

ಐದೇ ನಿಮಿಷದಲ್ಲಿ ರಾಜೀವಿ ರೇಷ್ಮೆ ಸೀರೆಯಲ್ಲಿದ್ದಳು. ಹತ್ತನೇ ನಿಮಿಷದಲ್ಲಿ ಸರೋಜಕ್ಕನಿಗೆ ಫೋನ್ ಹೋಗಿತ್ತು. ಹದಿನೈದನೇ ನಿಮಿಷದಲ್ಲಿ ಶೆಟ್ಟರು ಬಸ್ಸಿನ ಹಿಂದಿನ ಸೀಟಿನಲ್ಲಿದ್ದರು. ದಾರಿಯಲ್ಲಿ ಎಷ್ಟು ಹಂಪ್‌ಗಳಿವೆ ಎಂದು ಲೋಕೋಪಯೋಗಿ ಇಲಾಖೆಗೂ ಗೊತ್ತಿರಲಿಕ್ಕಿಲ್ಲ, ಶೆಟ್ಟರಿಗೆ ಗೊತ್ತು. ಹತ್ತೊಂಬತ್ತು!

ಸರೋಜಕ್ಕ ಬಾಗಿಲಲ್ಲೇ ಬೆಲ್ಲ ನೀರು ಹಿಡಿದು ನಿಂತಿದ್ದರು. ನಮ್ಮ ಕಡೆ ನೆಂಟರಾಗುವವರ ಮನೆಯಲ್ಲಿ ಕೊಟ್ಟ ನೀರು ಬೇಡವೆಂದರೆ ಸಂಬಂಧ ಬೇಡವೆಂದೇ ಅರ್ಥ. ಶೆಟ್ಟರು ಕುಡಿದರು. ಹಿಂದೆಯೇ ಎಳನೀರು ಬಂತು.

"ಸಾಕ್ ಸರೋಜಕ್ಕ..."

"ನಮ್ಮನೆ ತೋಟದ್ದೇ ಭೋಜಣ್ಣ. ಕುಡೀನಿ, ದೇಹಕ್ಕೆ ತಂಪ್! ಮೂತ್ರ ಸಲೀಸಾಯಿ ಹೋತ್ತ್!"

ಶೆಟ್ಟರ ಕಣ್ಣಲ್ಲಿ ನೀರು ಬಂತು. ಅಲ್ಲಿಂದಾದರೂ ಬಂತಲ್ಲ! ಬಚ್ಚಲು ಎಲ್ಲಿ ಎಂದು ಕೇಳೋಣವೇ? ಕೇಳಿ ಹೋದರೆ ಸ್ಕ್ಯಾನಿಂಗ್ ತಪ್ಪುತ್ತದೆ. ಎರಡು ಸಲ ತಪ್ಪಿಸಿಕೊಂಡವನು ಮೂರನೇ ಸಲ ಹೋಗುವುದಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ಹೊಳ್ಳರೂ 'ಬಪ್ಪ ವಾರ ಹೋಪ' ಎಂದು ಮುಂದೂಡುತ್ತಲೇ ಇದ್ದಿರಬೇಕು. ಶೆಟ್ಟರು ಕಾಲ ಮೇಲೆ ಕಾಲು ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಎಂತ ಹ್ವಾಯ್, ಕುಣಿತ್ರಿ?" ರಾಜೀವಿ ಪಿಸುಗುಟ್ಟಿದಳು.

"ಖುಷಿ!" ಎಂದರು ಶೆಟ್ಟರು, ಹಲ್ಲು ಕಚ್ಚಿ.

ಆಗ ಹುಡುಗಿ ಅನಿಷಾ ಚಹಾದ ತಟ್ಟೆ ಹಿಡಿದು ಬಂದಳು. ಬಗ್ಗಿ ಲೋಟ ನೀಡಿದವಳು ಶೆಟ್ಟರ ಬೆವರಿದ ಹಣೆ ನೋಡಿದಳು, ಹೆಣೆದುಕೊಂಡ ಕಾಲು ನೋಡಿದಳು. ತಟ್ಟನೆ ಲೋಟ ಹಿಂದಕ್ಕೆಳೆದಳು.

"ಅಂಕಲ್, ಹೋದ್ ವಾರ ಸ್ಕ್ಯಾನಿಂಗ್ ಬಾಗ್ಲಿಂದ ಓಡಿದ್ದ್ ನೀವಲ್ದಾ?"

ಶೆಟ್ಟರು ತಲೆ ಎತ್ತಿದರು. ಅದೇ ದನಿ! ಮಾಸ್ಕಿನ ಹಿಂದಿದ್ದ ನರ್ಸಮ್ಮ!

"ಎಷ್ಟ್ ನೀರ್ ಕುಡ್ದಿರಿ?"

"ಒಂದೂವರೆ ಲೀಟರ್... ಬೆಲ್ಲ ನೀರ್... ಎಳ್ನೀರ್..." ಶೆಟ್ಟರು ಒಪ್ಪಿಸಿಬಿಟ್ಟರು.

"ಅಮ್ಮಾ, ಇವ್ರಿಗೆ ಇನ್ನೊಂದ್ ಹನಿ ಕೊಡ್ಬೇಡ! ಆಂಟಿ, ರಿಕ್ಷಾ ಕರೀನಿ! ನಂಗೂ ಹನ್ನೊಂದೂವರೆಗೆ ಡ್ಯೂಟಿ."

ರಿಕ್ಷಾದಲ್ಲಿ ರಾಜೀವಿ ಆಸ್ಪತ್ರೆ ಮುಟ್ಟುವವರೆಗೆ ಬೈದಳು. ಸುಳ್ಳು ಹೇಳಿದ್ದಕ್ಕೆ ಅರ್ಧ ದಾರಿ, ಹೇಳದೆ ಮುಚ್ಚಿಟ್ಟದ್ದಕ್ಕೆ ಉಳಿದರ್ಧ. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಳ್ರಂಗೇ ಮಾಡುಕಿದ್ರ್ಯಾ?" ಎಂದಳು.

ಸ್ಕ್ಯಾನಿಂಗ್ ಡಾಕ್ಟರು ಪರದೆ ನೋಡಿ, "ಇಷ್ಟು ಚಂದ ತುಂಬಿಸಿಕೊಂಡು ಬಂದವರನ್ನು ನಾನು ನೋಡಿದ್ದೇ ಇಲ್ಲ!" ಎಂದು ಮೆಚ್ಚಿದರು. ರಕ್ತಪರೀಕ್ಷೆಯೂ ಆಯಿತು. ಮೂರನೇ ದಿನ ಫಲಿತಾಂಶ ಬಂತು. ವಯಸ್ಸಿಗೆ ತಕ್ಕಂತೆ ಗ್ರಂಥಿ ಊದಿದೆ, ಕ್ಯಾನ್ಸರಿನ ಲಕ್ಷಣವಿಲ್ಲ, ಮಾತ್ರೆ ಸಾಕು, ಆರು ತಿಂಗಳಿಗೆ ಮತ್ತೆ ಬನ್ನಿ! ಶೆಟ್ಟರು ಮೊದಲ ಫೋನ್ ಮಾಡಿದ್ದು ವನಮಾಲಮ್ಮನಿಗೆ. ಅವರು, "ಒಳ್ಳೇದಾಯ್ತ್," ಎಂದರು.

ಆದರೆ ಅಷ್ಟರಲ್ಲಿ ಸರೋಜಕ್ಕನ ಫೋನಿನಿಂದ ಸುದ್ದಿ ಕೋಟೇಶ್ವರ ದಾಟಿ, ಹಾಲಾಡಿ ಮುಟ್ಟಿ, ಬೈಂದೂರಿನವರೆಗೂ ಹೋಗಿತ್ತು. ಮರ್ಯಾದೆ ಹೋಯಿತೆಂದು ಶೆಟ್ಟರು ಎರಡು ದಿನ ಅಂಗಡಿಯಲ್ಲಿ ತಲೆ ಎತ್ತಲಿಲ್ಲ. ಮೂರನೇ ದಿನ ರಿಕ್ಷಾ ಚಂದಯ್ಯ ಬಂದ. ಮೊಳೆ ಕೇಳಿದ. ಮೊಳೆ ಕೊಟ್ಟರೂ ಹೋಗಲಿಲ್ಲ.

"ಭೋಜಣ್ಣ... ಅದ್... ನಂಗೂ ಹಾಂಗೇ ಆತ್ತ್."

ಶೆಟ್ಟರು ಎದ್ದು, ಮೂಲೆಯ ಆ ಕುರ್ಚಿಯ ಧೂಳು ಹೊಡೆದರು. "ಕೂಕೋ ಮಾರಾಯ. ಹೇಳ್."

ಚಂದಯ್ಯನ ಹಿಂದೆ ಸೂರ ಬಂದ, ಮೀನು ಮಾರುವ ಕುಷ್ಟ ಬಂದ. ತಿಂಗಳೊಳಗೆ ಆ ಕುರ್ಚಿಯಲ್ಲಿ ಕೂತು ಬಾಯಿ ಬಿಟ್ಟ ಗಂಡಸರು ಹದಿನಾಲ್ಕು! ಒಬ್ಬೊಬ್ಬರನ್ನೂ ಶೆಟ್ಟರು ಗದರಿಸಿ ಆಸ್ಪತ್ರೆಗೆ ಅಟ್ಟಿದರು. ಕುಷ್ಟನದ್ದು ಕ್ಯಾನ್ಸರ್ ಗೆಡ್ಡೆಯೇ ಆಗಿತ್ತು. ಹೊತ್ತು ಮೀರುವ ಮುಂಚೆ ಸಿಕ್ಕಿತು, ಆಪರೇಷನ್ ಆಗಿ ಈಗ ಮೀನು ಮಾರ್ಕೆಟ್ಟಿನಲ್ಲಿ ಅವನದ್ದೇ ಗಟ್ಟಿ ದನಿ. ಅತ್ತ ರೋಹನ್–ಅನಿಷಾ ಮದುವೆಯೂ ಆಯಿತು. ಶೆಟ್ಟರ ಎದೆ ಉಬ್ಬಿತು. ಈ ಸೀಮೆಯ ಗಂಡಸರನ್ನು ಉದ್ಧರಿಸಿದವನು ನಾನೇ!

ಆರು ತಿಂಗಳಾಯಿತು. ಮತ್ತೆ ತಪಾಸಣೆ. ಈಗೇನು ಗುಟ್ಟು! ಶೆಟ್ಟರು ಒಂದೂವರೆ ಲೀಟರ್ ಕುಡಿದು, ರಾಜೀವಿಯ ಜೊತೆ ಠೀವಿಯಿಂದ ಆಸ್ಪತ್ರೆ ಹೊಕ್ಕರು. ಬಾಗಿಲಲ್ಲಿ ಸೊಸೆ ಟೋಕನ್ ಕೊಟ್ಟಳು. ಹದಿನೈದು!

ಬೆಂಚಿನ ಮೇಲೆ ಹಾಲಾಡಿಯೇ ಕಾಲು ಹೆಣೆದುಕೊಂಡು ಕೂತಿತ್ತು.

"ಹ್ವಾಯ್ ಚಂದಯ್ಯ, ನಿನ್ನನ್ನ್ ಇಲ್ಲಿಗ್ ಕಳ್ಸಿದ್ದೇ ನಾನಲ್ದಾ? ಒಂಚೂರ್ ಮುಂದೆ ಬಿಡಾ!"

"ನೀವೇ ಹೇಳಿದ್ರಿ ಭೋಜಣ್ಣ," ಚಂದಯ್ಯ ಕಾಲು ಬದಲಿಸಿದ, "'ಯಾರ್ ಬಂದ್ರೂ ಜಾಗ ಬಿಟ್ಟ್ ಓಡ್ಬೇಡ' ಅಂದೇಳಿ!"

ಶೆಟ್ಟರು ಸೊಸೆಯತ್ತ ದೈನ್ಯದಿಂದ ನೋಡಿದರು. ಅವಳು ಮಾಸ್ಕ್ ಸರಿಮಾಡಿಕೊಂಡು, ಮೂವತ್ತು ಜನರ ಎದುರು ಕೂಗಿದಳು:

"ಮಾವಾ! ಹಿಡ್ಕಣಿ!"